ಮಂಗಳೂರಿನಲ್ಲಿ .22 ಲಿವರ್ ಆಕ್ಷನ್ ರೈಫಲ್ ತೆಗೆದುಕೊಳ್ಳುವುದಾದರೆ ಹೆನ್ರಿಯೋ, ಮಾರ್ಲಿನ್ನೋ, ಬ್ರೌನಿಂಗೋ?

ನಿಮ್ಮ ಪ್ರಶ್ನೆ ಓದುವಾಗ 2012ರ ನಾನೇ ಎದುರಿಗೆ ಬಂದು ಕೂತ ಹಾಗಾಯಿತು. ನಿಮಗೆ ಲೈಸೆನ್ಸ್ ಕೈಗೆ ಬಂದಿದೆ. ಹೆನ್ರಿ, ಮಾರ್ಲಿನ್ 39ಎ, ಬ್ರೌನಿಂಗ್ ಬಿಎಲ್-22, ಟ್ರಿಗರ್ ಸುತ್ತಲಿನ ಹಿಡಿಕೆ (ಲಿವರ್) ಎಳೆದು ಮುಚ್ಚಿ ತೋಟಾ ಏರಿಸುವ ಈ ಮೂರು ಸಣ್ಣ ರೈಫಲ್‌ಗಳಲ್ಲಿ ಒಂದು ಬೇಕು. ಗುರಿ ಅಭ್ಯಾಸಕ್ಕೂ ಆಗಬೇಕು, ಅಡಿಕೆ ತೋಟಕ್ಕೆ ನುಗ್ಗುವ ಹಂದಿಗೂ ಆಗಬೇಕು. ಇಷ್ಟೇ ಅಲ್ವಾ? ನಾನು ಮಾರ್ಲಿನ್ ತಗೊಂಡೆ. ಬಹಳ ಒಳ್ಳೆಯ ರೈಫಲ್. ಅದನ್ನು ಹಾಳು ಮಾಡಿದ್ದು ನಾನು. ಒಂದೇ ಮಳೆಗಾಲದಲ್ಲಿ, ಒಂದು ಗುಂಡೂ ಹೊಡೆಯದೆ.

ನಮ್ಮ ಮೂಲಮನೆ ಹೆಬ್ರಿ ಕಡೆ. ನಾನು ಉಡುಪಿಯಲ್ಲಿದ್ದೇನೆ. ಮೂಲಮನೆಯಲ್ಲಿ ಅಜ್ಜನದ್ದು ಒಂದು ಕೇಪಿನ (ಮದ್ದಿಗೆ ಕಿಡಿ ಕೊಡುವ ಪುಟ್ಟ ಟೋಪಿಯ) ಕೋವಿ ಇತ್ತು. ಮೂತಿಯಿಂದಲೇ ಮದ್ದು ಸುರಿದು, ತೆಂಗಿನ ನಾರು ತುರುಕಿ, ಚರೆ ಹಾಕಿ, ಗಜದಿಂದ ಕುಟ್ಟಿ ತುಂಬುವ ಕೋವಿ. ಅಜ್ಜನ ಕಟ್ಟಪ್ಪಣೆ ಒಂದೇ: ಈಡು ಹೊಡೆದ ದಿನವೇ ಕೋವಿ ತೊಳೆಯಬೇಕು. ಕುದಿಯುವ ನೀರು ಮೂತಿಯಿಂದ ಹೊಯ್ಯಬೇಕು. ಗಜಕ್ಕೆ ಬಟ್ಟೆ ಸುತ್ತಿ ಮೇಲೆ ಕೆಳಗೆ ಉಜ್ಜಬೇಕು. ಕೇಪು ಕೂರುವ ತೂತಿನಿಂದ ನೀರು ತಿಳಿಯಾಗಿ ಬರುವ ತನಕ ಬಿಡಬಾರದು. ಕೊನೆಗೆ ತೆಂಗಿನೆಣ್ಣೆ. ಆ ಕೆಲಸ ಮಾಡುತ್ತಲೇ ನಾನು ದೊಡ್ಡವನಾದದ್ದು. ಅಜ್ಜ ಹೇಳಿದ್ದರಲ್ಲಿ ಒಂದಕ್ಷರವೂ ತಪ್ಪಿಲ್ಲ. ಕರಿಮದ್ದಿನ ಮಸಿ ಗಾಳಿಯ ತೇವ ಎಳೆದುಕೊಳ್ಳುತ್ತದೆ. ಒಂದು ರಾತ್ರಿ ಬಿಟ್ಟರೆ ನಳಿಗೆಯೊಳಗೆ ತುಕ್ಕು. ಹಿಂದಿನಿಂದ ಶುಚಿ ಮಾಡೋಣ ಅಂದರೆ ಆ ಕೋವಿಗೆ ಹಿಂದಿನ ಬಾಯಿಯೇ ಇಲ್ಲ.

ಮಾರ್ಲಿನ್ ಸಿಕ್ಕಿದ್ದು ಬೇರೆ ಊರಿನ ಒಬ್ಬ ಡೀಲರ್ ಹತ್ತಿರ. ಯಾರೋ ಹಿರಿಯರು ತೀರಿಕೊಂಡ ಮೇಲೆ ಮನೆಯವರು ಮಾರಲು ಕೊಟ್ಟದ್ದು. ಲಕ್ಷದ ಮೇಲೆ ಬಿತ್ತು. 24 ಇಂಚಿನ ನಳಿಗೆ, ಅಕ್ರೋಟ್ ಮರದ ಹಿಡಿ, ಸುಮಾರು ಮೂರು ಕಿಲೋ ತೂಕ. ಲಿವರ್ ಎಳೆದು ಮುಚ್ಚಿದಾಗ ಬರುವ ಆ ಬಿಗಿಯಾದ ಸದ್ದಿಗೆ ನಾನು ಅಲ್ಲೇ ಸೋತೆ. ಬಲಗಡೆ ಒಂದು ದಪ್ಪ ತಿರುಪು ಇತ್ತು. ಅದೇನು ಅಂತ ಕೇಳಿದೆ. 'ಅದನ್ನು ಮುಟ್ಟಲು ಹೋಗಬೇಡಿ, ಬಿಚ್ಚಿದರೆ ಮತ್ತೆ ಸರಿಯಾಗಿ ಕೂರುವುದಿಲ್ಲ' ಅಂದರು. ನಂಬಿದೆ.

ಏಪ್ರಿಲ್‌ನಲ್ಲಿ ಕಾರಿನಲ್ಲಿ ಶಿರಾಡಿ ಘಾಟಿ ಹತ್ತಿ ಬೆಂಗಳೂರಿನ ಒಂದು ಶೂಟಿಂಗ್ ರೇಂಜಿಗೆ ಒಯ್ದೆ. 50 ಮೀಟರ್ ದೂರ, ಮೇಜಿನ ಮೇಲೆ ಮರಳಿನ ಚೀಲ ಇಟ್ಟು ಐದು ಗುಂಡು. ಐದೂ ಹತ್ತು ರೂಪಾಯಿ ನಾಣ್ಯದಷ್ಟು ಜಾಗದಲ್ಲಿ ಕೂತವು. ಆ ಕಾಗದ ಇನ್ನೂ ನನ್ನ ಹತ್ತಿರ ಇದೆ.

ಆಮೇಲೆ ಜೂನ್ ಬಂತು. ನಮ್ಮ ಕರಾವಳಿಯ ಮಳೆ ನಿಮಗೆ ಹೇಳಬೇಕಾಗಿಲ್ಲ. ವರ್ಷಕ್ಕೆ 4,000 ಮಿಲಿಮೀಟರ್ ಆಸುಪಾಸು, ಜೊತೆಗೆ ಸಮುದ್ರದ ಉಪ್ಪುಗಾಳಿ. ಒಂದು ದಿನ ಕ್ಯಾನ್ವಾಸ್ ಚೀಲ ಬಿಚ್ಚಿ ನೋಡಿದರೆ ಮೂತಿಯ ಹತ್ತಿರ ಎಳ್ಳುಕಾಳಿನಷ್ಟು ಕೆಂಪು ಚುಕ್ಕೆ. ಎದೆ ಧಸಕ್ಕೆಂದಿತು. ಅವತ್ತಿನಿಂದ ದಿನಾ ಸಂಜೆ ಶುಚಿ ಮಾಡಲು ಕೂತೆ. ಮೂರು ತುಂಡು ಸೇರಿಸಿ ಉದ್ದ ಮಾಡುವ ಉಕ್ಕಿನ ಕಡ್ಡಿ ಕೊಂಡೆ. ಲಿವರ್ ಆಕ್ಷನ್‌ನ ಹಿಂಭಾಗ ಮುಚ್ಚಿದೆ, ಬೋಲ್ಟ್ ರೈಫಲ್ ಹಾಗೆ ಬೋಲ್ಟ್ (ನಳಿಗೆಯ ಹಿಂಬಾಯಿ ಮುಚ್ಚುವ ದಿಂಡು) ಎಳೆದು ತೆಗೆದು ಹಿಂದಿನಿಂದ ಕಡ್ಡಿ ಹಾಕಲು ಬರುವುದಿಲ್ಲ. ಹಾಗಾಗಿ ಅಜ್ಜನ ಕೋವಿಗೆ ಮಾಡಿದ ಹಾಗೇ ಮೂತಿಯಿಂದ ಹಾಕಿದೆ, ಮೂತಿಯಿಂದ ತೆಗೆದೆ. ದಿನಕ್ಕೆ ಇಪ್ಪತ್ತು ಸಲ. ಸೆಪ್ಟೆಂಬರ್ ಕೊನೆಯ ತನಕ ನೂರು ದಿನ ಅಂತ ಲೆಕ್ಕ ಹಾಕಿ. ಎರಡು ಸಾವಿರ ಸಲ ಉಕ್ಕು ಉಕ್ಕನ್ನು ಉಜ್ಜಿತು.

ಇಲ್ಲಿ ಸ್ವಲ್ಪ ಉದ್ದ ಹೇಳುತ್ತೇನೆ, ದಯವಿಟ್ಟು ಓದಿ. ನಳಿಗೆಯ ಒಳಗೆ ಸುರುಳಿಯಾಗಿ ಗೀರುಗಳಿರುತ್ತವೆ, ಅವು ಗುಂಡನ್ನು ತಿರುಗಿಸುತ್ತವೆ. ಆ ಗೀರುಗಳು ಮುಗಿಯುವ ಕೊನೆಯ ಅಂಚು ಮೂತಿಯಲ್ಲಿದೆ. ಅದಕ್ಕೆ ಕ್ರೌನ್ ಅನ್ನುತ್ತಾರೆ. ಗುಂಡು ಅದನ್ನು ದಾಟಿದ ಕ್ಷಣ ಹಿಂದಿನಿಂದ ಒತ್ತಿಕೊಂಡು ಬಂದ ಗ್ಯಾಸ್ ಹೊರಗೆ ನುಗ್ಗುತ್ತದೆ. ಅಂಚು ಸುತ್ತಲೂ ಸಮ ಇದ್ದರೆ ಗ್ಯಾಸ್ ಎಲ್ಲ ಕಡೆಯಿಂದ ಒಟ್ಟಿಗೆ ಬಿಡುತ್ತದೆ, ಗುಂಡು ನೆಟ್ಟಗೆ ಹೋಗುತ್ತದೆ. ಒಂದು ಬದಿ ಕೂದಲೆಳೆಯಷ್ಟು ಸವೆದಿದ್ದರೂ ಸಾಕು. ಗ್ಯಾಸ್ ಅಲ್ಲಿಂದ ಮೊದಲು ನುಗ್ಗಿ ಗುಂಡಿನ ಹಿಂಭಾಗವನ್ನು ಪಕ್ಕಕ್ಕೆ ತಳ್ಳುತ್ತದೆ. ನಳಿಗೆಯ ಮಧ್ಯದಲ್ಲಿ ಒಂದು ಗೀರು ಬಿದ್ದರೆ ರೈಫಲ್ ಹೇಗೋ ಸಹಿಸುತ್ತದೆ, ಮೂತಿಯಲ್ಲಿ ಬಿದ್ದರೆ ಸಹಿಸುವುದಿಲ್ಲ.

ಕಡ್ಡಿ ಮೂತಿಯಿಂದ ಹಾಕುವಾಗ ನಟ್ಟನಡುವೆ ಹೋಗುವುದಿಲ್ಲ. ಬಾಗುತ್ತದೆ, ಒಂದೇ ಬದಿಗೆ ಉಜ್ಜುತ್ತದೆ. ಮೂರು ತುಂಡಿನ ಕಡ್ಡಿಯಾದರೆ ಪ್ರತಿ ಜೋಡಣೆಯ ಅಂಚೂ ಅರದ ಹಾಗೆ ಕೆರೆಯುತ್ತದೆ. ಅದರ ಮೇಲೆ .22 ನಳಿಗೆಯ ಉಕ್ಕು ಮೆದು, ಯಾಕೆಂದರೆ ಅದರಲ್ಲಿ ಹೋಗುವುದು ಮೆದು ಸೀಸದ ಗುಂಡು, ಒತ್ತಡವೂ ಕಡಿಮೆ. ಮಾರ್ಲಿನ್‌ನ ಮೈಕ್ರೋ ಗ್ರೂವ್ ನಳಿಗೆಯಲ್ಲಿ 16 ಗೀರುಗಳಿವೆ, ಎಲ್ಲವೂ ಆಳವಿಲ್ಲದ್ದು. ಸವೆಯಲು ಎಷ್ಟು ಹೊತ್ತು ಬೇಕು? ನನ್ನ ಅಷ್ಟೂ ದುಡಿಮೆಗೆ ಕಾರಣವೇ ಇರಲಿಲ್ಲ ಅನ್ನುವುದು ಇನ್ನೂ ಸಂಕಟ. ಈಗಿನ .22 ತೋಟಾದಲ್ಲಿ ಕರಿಮದ್ದು ಇಲ್ಲ. ಗುಂಡಿಗೆ ಮೇಣ ಹಚ್ಚಿರುತ್ತಾರೆ. ಹೊಡೆದ ಮೇಲೆ ನಳಿಗೆಯಲ್ಲಿ ಉಳಿಯುವ ಮಸಿ ಒಂದು ರಾತ್ರಿಯಲ್ಲಿ ಕೋವಿ ತಿನ್ನುವಂಥದ್ದಲ್ಲ. ಕೇಪಿನ ಕೋವಿಯ ಔಷಧವನ್ನು ನಾನು ಬೇರೆ ರೋಗಿಗೆ ಕುಡಿಸಿದೆ.

ನವರಾತ್ರಿ ಮುಗಿಸಿ ಅದೇ ರೇಂಜಿಗೆ ಹೋದೆ. ಐದು ಗುಂಡು ಅಂಗೈಯಷ್ಟು ಅಗಲಕ್ಕೆ ಹರಡಿದವು. ತೋಟಾ ಕೆಟ್ಟಿದೆ ಅಂದುಕೊಂಡೆ. ಬೇರೆ ಎರಡು ಬಗೆಯ ತೋಟಾ ಹೊಡೆದೆ. ಗುರಿ ನೋಡುವ ಸೈಟ್ ಬಿಗಿ ಮಾಡಿದೆ. ಪಕ್ಕದಲ್ಲಿದ್ದ ಹಿರಿಯ ಶೂಟರ್ ಒಬ್ಬರು ಸುಮ್ನೆ ನೋಡುತ್ತಿದ್ದರು. ಕೊನೆಗೆ ರೈಫಲ್ ಖಾಲಿ ಮಾಡಿಸಿ, ಕಿವಿಗೆ ಹಾಕುವ ಹತ್ತಿಕಡ್ಡಿ ತರಿಸಿ, ಮೂತಿಯ ಅಂಚಿಗೆ ಸುತ್ತ ಆಡಿಸಿದರು. ಒಂದು ಕಡೆ ಹತ್ತಿಯ ಎಳೆ ಸಿಕ್ಕಿಕೊಂಡಿತು. ಮೂತಿಯ ಸುತ್ತ ಮಸಿ ನಕ್ಷತ್ರದ ಹಾಗೆ ಸಮವಾಗಿ ಹರಡಿರಬೇಕು, ನನ್ನದರಲ್ಲಿ ಒಂದು ಬದಿಗೆ ಉದ್ದಕ್ಕೆ ಚಾಚಿತ್ತು. ಆಮೇಲೆ ಆ 'ಮುಟ್ಟಬಾರದ' ತಿರುಪನ್ನು ಎರಡು ರೂಪಾಯಿ ನಾಣ್ಯದಲ್ಲಿ ತಿರುಗಿಸಿದರು. ರೈಫಲ್ ಎರಡು ಭಾಗವಾಗಿ ಕೈಗೆ ಬಂತು, ಬೋಲ್ಟ್ ಜಾರಿ ಹೊರಬಂತು, ನಳಿಗೆಯ ಹಿಂದಿನ ಬಾಯಿ ಎದುರಿಗೇ ಇತ್ತು. ಅರ್ಧ ನಿಮಿಷದ ಕೆಲಸ. ಮಾರ್ಲಿನ್ ಕಂಪನಿಯವರು 1891ರ ಮಾದರಿಯಿಂದ ಬೆಳೆಸಿ, 1939ರಲ್ಲಿ 39ಎ ಅಂತ ಹೆಸರಿಟ್ಟ ರೈಫಲ್ ಇದು. ಹಿಂದಿನಿಂದ ಶುಚಿ ಮಾಡಲು ದಾರಿ ಅವರೇ ಮಾಡಿಟ್ಟಿದ್ದರು. ನಾನು ಕೈಪಿಡಿ ಹುಡುಕಿ ಓದಲಿಲ್ಲ.

ಮೂತಿಯನ್ನು ಒಂದಿಂಚು ಕತ್ತರಿಸಿ ಹೊಸ ಕ್ರೌನ್ ಮಾಡಿಸೋಣ ಅಂದುಕೊಂಡೆ. ಅದನ್ನೂ ಸುಮ್ನೆ ಮಾಡಿಸುವ ಹಾಗಿಲ್ಲ. 1959ರ ಶಸ್ತ್ರಾಸ್ತ್ರ ಕಾಯ್ದೆಯ 6ನೇ ಸೆಕ್ಷನ್ ಪ್ರಕಾರ ನಳಿಗೆ ಗಿಡ್ಡ ಮಾಡಲು ಬೇರೆಯೇ ಲೈಸೆನ್ಸ್ ಬೇಕು. ಲೈಸೆನ್ಸ್ ಇರುವ ರಿಪೇರಿಯವರೊಬ್ಬರು ಉದ್ದ ಕಡಿಮೆ ಮಾಡದೆ ಅಂಚನ್ನಷ್ಟೇ ಹದ ಮಾಡಿಕೊಟ್ಟರು. ಈಗ 50 ಮೀಟರಿನಲ್ಲಿ ಐದು ಸೆಂಟಿಮೀಟರ್ ಒಳಗೆ ಹೊಡೆಯುತ್ತದೆ. ಹತ್ತು ರೂಪಾಯಿ ನಾಣ್ಯ ಮತ್ತೆ ಬರಲಿಲ್ಲ.

ಈಗ ನಿಮ್ಮ ಮೂರು ಹೆಸರುಗಳು. ಪ್ರಶ್ನೆಯೇ ಸರಿ ಇಲ್ಲ ಅನ್ನುತ್ತೇನೆ, ಬೇಜಾರು ಮಾಡಬೇಡಿ. ನೀವು ಅಮೆರಿಕದವರ ವಿಡಿಯೋ ನೋಡಿ ಪಟ್ಟಿ ಮಾಡಿದ್ದೀರಿ. ಅಲ್ಲಿ ಅಂಗಡಿಯಲ್ಲಿ ಹೊಸದು ಸಾಲಾಗಿ ನಿಂತಿರುತ್ತದೆ. ನಮ್ಮಲ್ಲಿ ಎಂಬತ್ತರ ದಶಕದ ನಂತರ ಸಾಮಾನ್ಯ ಜನ ವಿದೇಶಿ ಕೋವಿ ತರಿಸುವ ದಾರಿ ಮುಚ್ಚಿದೆ. ಹೆಸರು ಮಾಡಿದ ಶೂಟರ್‌ಗಳಂಥ ಕೆಲವರಿಗೆ ಮಾತ್ರ ವಿನಾಯಿತಿ. ಇನ್ನು ಹೆನ್ರಿ. 1860ರ ಹೆನ್ರಿ ರೈಫಲ್‌ನ ಹೆಸರು ಹಳೆಯದು, ಆದರೆ ಈಗ .22 ಮಾಡುವ ಹೆನ್ರಿ ಕಂಪನಿ ಶುರುವಾದದ್ದೇ ತೊಂಬತ್ತರ ದಶಕದಲ್ಲಿ. ಬಾಗಿಲು ಮುಚ್ಚಿದ ಮೇಲೆ ಹುಟ್ಟಿದ ರೈಫಲ್ ನಿಮ್ಮ ಡೀಲರ್ ಹತ್ತಿರ ಹೇಗೆ ಬಂತು? ಯಾರಾದರೂ ಹೆನ್ರಿ ತೋರಿಸಿದರೆ ಮೊದಲು ಕಾಗದಪತ್ರ ಕೇಳಿ. ನಿಮಗೆ ಸಿಗುವುದು ಯಾರದ್ದೋ ಅಜ್ಜನ ಮಾರ್ಲಿನ್ 39ಎ, ಅದೃಷ್ಟ ಇದ್ದರೆ 1972ರಿಂದ ಬಂದ ವಿಂಚೆಸ್ಟರ್ 9422. ಎರಡನ್ನೂ ಒಂದು ತಿರುಪಿನಲ್ಲಿ ಬಿಚ್ಚಬಹುದು, ಹಿಂದಿನಿಂದ ಶುಚಿ ಮಾಡಬಹುದು. ಬಿಎಲ್-22ರ ಲಿವರ್ ಬರೀ 33 ಡಿಗ್ರಿ ಎಳೆದರೆ ಸಾಕು, ಬಹಳ ಸೊಗಸು. ಆದರೆ ಹೀಗೆ ಸುಲಭಕ್ಕೆ ಎರಡು ಭಾಗವಾಗುವುದಿಲ್ಲ. ನಮ್ಮ ಊರಿನ ಹವೆಗೆ ನಾನು ಬಿಚ್ಚಲು ಬರುವ ರೈಫಲ್ಲನ್ನೇ ಆರಿಸುತ್ತೇನೆ, ಹೆಸರು ಯಾವುದಾದರೂ ಇರಲಿ.

ಹಂದಿಯ ಯೋಚನೆ ಬಿಟ್ಟುಬಿಡಿ. ಅನುಮತಿ ಇಲ್ಲದೆ ಹೊಡೆದರೆ ಅದು 1972ರ ವನ್ಯಜೀವಿ ಕಾಯ್ದೆಯಲ್ಲಿ ಅಪರಾಧ. ಅದೂ ಅಲ್ಲದೆ .22 ಗುಂಡಿನ ತೂಕ ಎರಡೂವರೆ ಗ್ರಾಂ ಚಿಲ್ಲರೆ. ಹಂದಿ ಸಾಯುವುದಿಲ್ಲ, ಗಾಯ ಕೊಳೆಸಿಕೊಂಡು ಕಾಡಿನಲ್ಲಿ ವಾರಗಟ್ಟಲೆ ನರಳುತ್ತದೆ. ನಾನು ಅದನ್ನು ಯಾವತ್ತೂ ಒಪ್ಪುವುದಿಲ್ಲ. ಬೇಲಿಗೆ ದುಡ್ಡು ಹಾಕಿ. ಮಲಗಿ ಹೊಡೆಯುವ 50 ಮೀಟರ್ ಸ್ಪರ್ಧೆ ಮನಸ್ಸಿನಲ್ಲಿದ್ದರೂ ಲಿವರ್ ಬೇಡ, ಮಲಗಿದಾಗ ಲಿವರ್ ಚಾಪೆಗೆ ತಾಗುತ್ತದೆ. ಅದಕ್ಕೆ ಬೋಲ್ಟ್ ರೈಫಲ್ಲೇ ಸರಿ. ಇನ್ನೊಂದು ಲೆಕ್ಕ: 2019ರ ತಿದ್ದುಪಡಿಯ ನಂತರ ಒಬ್ಬರಿಗೆ ಎರಡೇ ಕೋವಿ. ಮನೆಯ ಹಳೆಯ ಕೋವಿ ನಿಮ್ಮ ಹೆಸರಿನಲ್ಲಿದ್ದರೆ ಇದು ನಿಮ್ಮ ಕೊನೆಯದು.

ನೋಡಲು ಹೋದಾಗ ಹತ್ತಿಕಡ್ಡಿ, ಸಣ್ಣ ಟಾರ್ಚ್ ಒಯ್ಯಿರಿ. ಮೊದಲು ಲಿವರ್ ತೆರೆದು ಒಳಗೆ ನೋಡಿ, ಮೂತಿಯ ಕೆಳಗಿನ ಕೊಳವೆಯನ್ನೂ ಎಳೆದು ನೋಡಿ. 39ಎ ಕೊಳವೆಯಲ್ಲಿ 19 ತೋಟಾ ಹಿಡಿಯುತ್ತದೆ, ಒಂದು ಉಳಿದಿದ್ದರೂ ಹೊರಗಿನಿಂದ ಕಾಣುವುದಿಲ್ಲ. ಹಳೆಯ 39ಎಗೆ ಬೇರೆ ಸೇಫ್ಟಿ ಬಟನ್ ಇಲ್ಲ, ಹ್ಯಾಮರ್ (ಪಿನ್ನಿಗೆ ಹೊಡೆಯುವ ಸುತ್ತಿಗೆ) ಅರ್ಧಕ್ಕೆ ಎಳೆದಾಗ ನಿಲ್ಲುವ ಮೆಟ್ಟಿಲು ಒಂದೇ. ಅದು ಗಟ್ಟಿಯಾಗಿ ಹಿಡಿಯುತ್ತದಾ ನೋಡಿ. ಅಂಗಡಿಯವರು ಖಾಲಿ ಟ್ರಿಗರ್ ಎಳೆದು ಟಕ್ ಟಕ್ ಅನ್ನಿಸಿದರೆ ಬೇಡ ಅನ್ನಿ. .22 ರಿಮ್‌ಫೈರ್ ತೋಟಾ, ಅದಕ್ಕೆ ಹಿಂದೆ ಕೇಪು ಇಲ್ಲ, ಸಿಡಿಯುವ ಮಸಾಲೆ ತಳದ ಅಂಚಿನೊಳಗಿದೆ. ಹಾಗಾಗಿ ಪಿನ್ ಹೊಡೆಯುವುದು ಅಂಚಿಗೆ. ತೋಟಾ ಇಲ್ಲದಿದ್ದರೆ ಆ ಪೆಟ್ಟು ನಳಿಗೆಯ ಬಾಯಿಗೇ ಬಿದ್ದು ತಗ್ಗಾಗಬಹುದು. ಆಮೇಲೆ ಬಿಚ್ಚಿ ತೋರಿಸಲು ಹೇಳಿ. ಬಿಚ್ಚುವುದಿಲ್ಲ ಅಂದರೆ ಎದ್ದು ಬನ್ನಿ. ಬಿಚ್ಚಿದರೆ ಬಿಗಿಯಾದ ಬಟ್ಟೆತುಂಡನ್ನು ಹಿಂದಿನಿಂದ ನಿಧಾನ ತಳ್ಳಿ. ಕೊನೆಯ ಎರಡು ಇಂಚಿನಲ್ಲಿ ಕೈಗೆ ಸಡಿಲ ಅನಿಸಿದರೆ ಮೂತಿ ಸವೆದಿದೆ. ನನ್ನಂಥವನು ಯಾರೋ ಅದನ್ನು ಮೊದಲೇ ಉಜ್ಜಿದ್ದಾನೆ.

ಮನೆಗೆ ತಂದ ಮೇಲೆ ಚೀಲದಲ್ಲಿ ಇಡಬೇಡಿ, ಕ್ಯಾನ್ವಾಸ್ ಆಗಲಿ ಚರ್ಮ ಆಗಲಿ ತೇವ ಹಿಡಿದಿಡುತ್ತದೆ. ಬೀಗ ಹಾಕುವ ಕಪಾಟಿನಲ್ಲಿ ಸಿಲಿಕಾ ಜೆಲ್ ಇಟ್ಟು ನಿಲ್ಲಿಸಿ. ಹೊರಮೈಗೆ ವಾರಕ್ಕೊಮ್ಮೆ ಎಣ್ಣೆಬಟ್ಟೆ ಸಾಕು. ನಳಿಗೆಗೆ ಹಗ್ಗದಂಥ ಪುಲ್-ಥ್ರೂ, ಹಿಂದಿನಿಂದ ಹಾಕಿ ಮೂತಿಯಿಂದ ಎಳೆಯುವುದು, ಅದೂ ಹೊಡೆದ ಮೇಲೆ ಮಾತ್ರ. ಚುನಾವಣೆ ಬಂದಾಗ ಕೋವಿ ಠೇವಣಿ ಇಡುವುದು ನಮ್ಮಲ್ಲಿ ಇದ್ದದ್ದೇ. 2023ರ ಮೇ ತಿಂಗಳಲ್ಲಿ ಒಂದು ಮತದಾನ, 2024ರ ಏಪ್ರಿಲ್‌ನಲ್ಲಿ ಇನ್ನೊಂದು. ಕೊಡುವ ಹಿಂದಿನ ದಿನ ನಳಿಗೆಯೊಳಗೂ ತೆಳುವಾಗಿ ಎಣ್ಣೆ ಹಾಕಿ ಕೊಡಿ. ವಾಪಸು ಬಂದ ಮೇಲೆ ಆ ಎಣ್ಣೆ ಒರೆಸದೆ ಹೊಡೆಯಬೇಡಿ.

ಡೀಲರ್ ಫೋಟೋ ಕಳಿಸಿದರೆ ಹಿಡಿಯ ಕೆತ್ತನೆ ನನಗೆ ಬೇಡ. ಮೂತಿಯನ್ನು ನೇರ ಎದುರಿನಿಂದ, ಹಗಲು ಬೆಳಕಿನಲ್ಲಿ ತೆಗೆದದ್ದು ಒಂದು, ಆ ತಿರುಪಿನದ್ದು ಒಂದು ಕೇಳಿ ತರಿಸಿ. ಸೀರಿಯಲ್ ನಂಬರ್ ಮುಚ್ಚಿ ಇಲ್ಲಿ ಹಾಕಿ, ನೋಡಿ ಹೇಳುತ್ತೇನೆ.