ಕೊಡವ ಸಮಾಜ, ಕಾಫಿ ಬೋರ್ಡ್, ರಸ್ತೆ ತಡೆ: ಯಾವುದು ಯಾವ ಗುಂಪು?

ಪ್ರಶ್ನೆ: ವಿರಾಜಪೇಟೆಯಲ್ಲಿ ಬಿ.ಎ. ಓದುತ್ತಿದ್ದೇನೆ ಸರ್. ಹಿತಾಸಕ್ತಿ ಗುಂಪುಗಳಲ್ಲಿ ನಾಲ್ಕು ವಿಧ ಅಂತ ನೋಟ್ಸ್‌ನಲ್ಲಿದೆ. ನಮ್ಮ ಬೆಳೆಗಾರರ ಸಂಘ, ಕೊಡವ ಸಮಾಜ, ಕಾಫಿ ಬೋರ್ಡ್ ಯಾವುದರಲ್ಲಿ ಬರುತ್ತವೆ?

ಉತ್ತರ: ಹಿತಾಸಕ್ತಿ ಗುಂಪು ಅಂದರೆ ತಮ್ಮ ಬೇಡಿಕೆಗಾಗಿ ಸರ್ಕಾರದ ಮೇಲೆ ಒತ್ತಡ ಹಾಕುವ ಗುಂಪು. ಅದನ್ನು ಸಂಘಟಿತ, ಸಾಂಸ್ಥಿಕ, ಅಸಂಘಟಿತ, ದಿಢೀರ್ ಅಂತ ನಾಲ್ಕು ವಿಧ ಮಾಡಿದ್ದು ಅಮೆರಿಕದ ರಾಜ್ಯಶಾಸ್ತ್ರಜ್ಞ ಗೇಬ್ರಿಯಲ್ ಆಲ್ಮಂಡ್. ಬೆಳೆಗಾರರ ಸಂಘ ಸುಲಭ. ಚಂದಾ, ಪದಾಧಿಕಾರಿಗಳು, ಲೆಟರ್‌ಹೆಡ್ ಎಲ್ಲ ಇದೆ, ಬೇಡಿಕೆ ಇಡುವುದೇ ಕೆಲಸ. ಹಾಗಾಗಿ ಸಂಘಟಿತ ಗುಂಪು. ತೋಟ ಕಾರ್ಮಿಕರ ಯೂನಿಯನ್ನೂ ಇದೇ ಸಾಲಿಗೆ ಸೇರುತ್ತದೆ, ಕೂಲಿ ವಿಷಯ ಬಂದರೆ ಮಾತ್ರ ಇಬ್ಬರೂ ಎದುರುಬದುರು.

ಕಾಫಿ ಬೋರ್ಡ್ 1942ರ ಕಾಫಿ ಕಾಯ್ದೆಯಡಿ ಬರುವ ಕೇಂದ್ರ ಸರ್ಕಾರದ ಸಂಸ್ಥೆ. ಅದು ಒತ್ತಡ ಹಾಕುವುದಕ್ಕಿಂತ ಹಾಕಿಸಿಕೊಳ್ಳುವುದೇ ಜಾಸ್ತಿ. ಮೊದಲೆಲ್ಲ ಬೆಳೆದ ಕಾಫಿಯನ್ನು ಬೋರ್ಡಿನ ಪೂಲ್‌ಗೇ (ಎಲ್ಲರ ಕಾಫಿ ಒಟ್ಟುಗೂಡಿಸಿ ಬೋರ್ಡೇ ಮಾರುವ ವ್ಯವಸ್ಥೆ) ಕೊಡಬೇಕಿತ್ತು, ದುಡ್ಡು ಕಂತಿನಲ್ಲಿ ಬರುತ್ತಿತ್ತು. ಬೆಳೆಗಾರರು ಮುಕ್ತ ಮಾರಾಟ ಬೇಕು ಅಂತ ಪಟ್ಟು ಹಿಡಿದರು, ಉದಾರೀಕರಣದ ಕಾಲವೂ ಕೂಡಿ ಬಂತು, 1996ರಲ್ಲಿ ಪೂಲ್ ಪೂರ್ತಿ ಹೋಯಿತು. ಆದರೆ ಇಂಥ ಬೋರ್ಡೋ ಇಲಾಖೆಯೋ ತನ್ನ ಅನುದಾನಕ್ಕೆ, ಹುದ್ದೆಗಳಿಗೆ ಒಳಗಿಂದಲೇ ಲಾಬಿ ಮಾಡಿದರೆ ಆಗ ಅದೂ ಗುಂಪೇ, ಸಾಂಸ್ಥಿಕ ಗುಂಪು.

ಹುಡುಗರು ಎಡವುವುದು ಕೊಡವ ಸಮಾಜದಲ್ಲಿ. ಜನಾಂಗದ್ದು ಅಲ್ವಾ ಅಂತ ಸುಮ್ನೆ 'ಅಸಂಘಟಿತ' ಅಂತ ಬರೆದುಬಿಡುತ್ತಾರೆ. ಅಧ್ಯಕ್ಷ, ಕಾರ್ಯದರ್ಶಿ, ಮಹಾಸಭೆ ಎಲ್ಲ ಇದ್ದ ಮೇಲೆ ಅದು ಹೇಗೆ ಅಸಂಘಟಿತ? ಗೌಡ ಸಮಾಜವೂ ಹಾಗೇ. ಅದೇ ಸಮಾಜದ ಮಂಟಪದಲ್ಲಿ ಮದುವೆ ಊಟ ಮುಗಿಸಿ, ಒಕ್ಕದ (ಕೊಡವ ಮನೆತನದ) ಹಿರಿಯರು ನಾಲ್ಕು ಜನ ಎಂಎಲ್‌ಎಯನ್ನು ಪಕ್ಕಕ್ಕೆ ಕರೆದು 'ನಮ್ಮ ಕಡೆ ರಸ್ತೆ ಏನಾಯ್ತಪ್ಪ' ಅಂತ ಕೇಳುತ್ತಾರಲ್ಲ, ಅಸಂಘಟಿತ ಅಂದರೆ ಅದು. ಮನವಿ ಪತ್ರವಿಲ್ಲ, ಠರಾವಿಲ್ಲ, ಕೆಲಸ ಮಾತ್ರ ಆಗುತ್ತದೆ.

ನಾಲ್ಕನೆಯದು ದಿಢೀರ್ ಗುಂಪು. ತೋಟದ ಕೆಲಸಕ್ಕೆ ಹೊರಟವರನ್ನು ಆನೆ ತುಳಿದು ಸಾಯಿಸಿದರೆ ಜನ ಶವವನ್ನು ರಸ್ತೆಯಲ್ಲಿಟ್ಟು 'ಡಿಎಫ್‌ಒ (ಅರಣ್ಯ ಇಲಾಖೆ ಅಧಿಕಾರಿ) ಬರೋವರೆಗೂ ಎತ್ತಲ್ಲ' ಅಂತ ಕೂರುತ್ತಾರೆ. ಪರಿಹಾರದ ಭರವಸೆ ಸಿಕ್ಕ ಮೇಲೆ ಗುಂಪೇ ಇರುವುದಿಲ್ಲ. ಪುಸ್ತಕಗಳು ಇದನ್ನು ಬರೀ ಗಲಾಟೆ ಅನ್ನುವಂತೆ ಎರಡು ಸಾಲಿನಲ್ಲಿ ಮುಗಿಸುತ್ತವೆ, ನನಗದು ಒಪ್ಪಿಗೆಯಿಲ್ಲ. ತೋಟದ ಲೈನ್‌ಮನೆಯಲ್ಲಿರುವ (ಕಾರ್ಮಿಕರ ಸಾಲುಮನೆ) ಯರವ ಆದಿವಾಸಿಗಳಿಗೆ ಲೆಟರ್‌ಹೆಡ್ಡೂ ಇಲ್ಲ, ಮದುವೆಯಲ್ಲಿ ಸಿಗುವ ಎಂಎಲ್‌ಎಯೂ ಇಲ್ಲ, ಇನ್ನೆಲ್ಲಿ ಹೋಗಿ ಕೇಳಬೇಕು? 2016ರ ಡಿಸೆಂಬರಿನಲ್ಲಿ ಕೊಡಗಿನ ದಿಡ್ಡಳ್ಳಿಯಲ್ಲಿ ಆದಿವಾಸಿಗಳ ಗುಡಿಸಲು ಕಿತ್ತಾಗ ಅವರು ಅಲ್ಲೇ ಕೂತರು. ಆಮೇಲೆ ಹೊರಗಿನ ಸಂಘಟನೆಗಳೂ ಜೊತೆಯಾದವು, ಮಡಿಕೇರಿಗೆ ಜಾಥಾ ಬಂತು, ಕೊನೆಗೆ ಬೇರೆ ಕಡೆ ಪುನರ್ವಸತಿಯೂ ಆಯಿತು. ದಿಢೀರ್ ಅಂತ ಶುರುವಾಗಿ ಸಂಘಟಿತವಾದದ್ದು ಇದು; ಗುಂಪು ಒಂದು ವಿಧದಿಂದ ಇನ್ನೊಂದಕ್ಕೆ ದಾಟುವುದಕ್ಕೆ ಉದಾಹರಣೆ ಕೇಳಿದರೆ ಇದನ್ನೇ ಬರೆಯಿರಿ.