ಸೊನ್ನೆಯ ಬಿನ್ ಮಾತ್ರ ಇಮ್ಮಡಿಯಾಗುವುದೇಕೆ
ಸಿಎಸ್‌ವಿ ಕಡತದ ಮೂರನೆಯ ಕಾಲಂನಲ್ಲಿರುವ ತಾಪಮಾನದ ವ್ಯತ್ಯಾಸಗಳನ್ನು ಆಕ್‌ನಲ್ಲಿ (awk, ಪಠ್ಯ ಕಡತಗಳನ್ನು ಸಾಲುಸಾಲಾಗಿ ಸಂಸ್ಕರಿಸುವ ಭಾಷೆ) 5ರ ಅಗಲದ ಬಿನ್‌ಗಳಾಗಿ, ಅಂದರೆ ಬೆಲೆಗಳ ಗುಂಪುಗಳಾಗಿ, ಎಣಿಸುವಾಗ ಸೊನ್ನೆಯ ಬಿನ್ ಮಾತ್ರ ಇಮ್ಮಡಿ ಎತ್ತರಕ್ಕೆ ಏರುತ್ತಿರುವುದಕ್ಕೆ ಬಹುತೇಕ ಇಂಟ್ (int) ಫಂಕ್ಷನ್ನೇ ಕಾರಣ. ಅದು ದಶಮಾಂಶವನ್ನು ಕತ್ತರಿಸಿ ಸೊನ್ನೆಯ ಕಡೆಗೆ ಸರಿಸುವುದರಿಂದ, 5ರಿಂದ ಭಾಗಿಸಿದ ಮೇಲೆ -4.2 ಮತ್ತು 4.2 ಎರಡೂ ಒಂದೇ ಬಿನ್‌ಗೆ ಬೀಳುತ್ತವೆ. ಮೊದಲು ಭಾಗಲಬ್ಧವನ್ನು ಒಂದು ವೇರಿಯೇಬಲ್‌ನಲ್ಲಿ ಇಟ್ಟುಕೊಂಡು, ಅದರ ಇಂಟ್ ಬೆಲೆಯು ಭಾಗಲಬ್ಧಕ್ಕಿಂತ ದೊಡ್ಡದಾಗಿದ್ದರೆ ಆ ಬೆಲೆಯಿಂದ ಒಂದನ್ನು ಕಳೆಯಿರಿ, ಆಗ -4.2 ಎಂಬುದು -5ರಿಂದ ಆರಂಭವಾಗುವ ತನ್ನ ಸರಿಯಾದ ಬಿನ್‌ಗೆ ಸೇರುತ್ತದೆ.

ಆಮೇಲೂ ಸೊನ್ನೆಯಲ್ಲಿ ಎಣಿಕೆ ಹೆಚ್ಚೆನಿಸಿದರೆ ಕಡತದಲ್ಲಿ ಖಾಲಿ ಕೋಶಗಳಿರಬಹುದು. ಲೆಕ್ಕ ಮಾಡುವಾಗ ಆಕ್ ಖಾಲಿ ಕೋಶವನ್ನೂ ಶೀರ್ಷಿಕೆಯ ಪದವನ್ನೂ ಸೊನ್ನೆಯೆಂದೇ ಪರಿಗಣಿಸುವುದರಿಂದ, ಮೊದಲ ಸಾಲನ್ನೂ ಮೂರನೆಯ ಕಾಲಂ ಖಾಲಿಯಿರುವ ಸಾಲುಗಳನ್ನೂ ಎಣಿಕೆಯಿಂದ ಕೈಬಿಡಿ. ಬಿನ್‌ಗಳ ಎಣಿಕೆಯನ್ನು ಇಟ್ಟುಕೊಳ್ಳುವ ಆಕ್‌ನ ಅರೇ (ಪಟ್ಟಿ) ಸಂಖ್ಯಾಕ್ರಮದಲ್ಲಿ ಬರುತ್ತದೆಂಬ ಖಾತರಿಯಿಲ್ಲ. ಹಾಗಾಗಿ ಫಲಿತಾಂಶವನ್ನು ಸಾರ್ಟ್ (sort) ಆದೇಶಕ್ಕೆ ಪೈಪ್ ಮಾಡಿ (| ಚಿಹ್ನೆಯಿಂದ ಕಳುಹಿಸಿ), ಸಂಖ್ಯೆಗಳ ಕ್ರಮದಲ್ಲಿ ಜೋಡಿಸುವ ಮೈನಸ್ ಎನ್ (-n) ಆಯ್ಕೆಯನ್ನು ಕೊಡಿ.