ಓದುಗರ ಪ್ರಶ್ನೆ, ನಮ್ಮ ಉತ್ತರ: ಮನೆಯಲ್ಲೇ ಕಟ್ಟುವ ಆಪರೇಟಿಂಗ್ ಸಿಸ್ಟಮ್

ಪ್ರಶ್ನೆ: ಹವ್ಯಾಸಕ್ಕೆಂದು ಚಿಕ್ಕದೊಂದು ಆಪರೇಟಿಂಗ್ ಸಿಸ್ಟಮ್ ಬರೆಯುತ್ತಿದ್ದೇನೆ. ಡಿಸ್ಕ್‌ನಿಂದ ಮೊದಲು ಓದಲಾಗುವ ತುಣುಕಾದ ಬೂಟ್ ಸೆಕ್ಟರ್ ಕೆಲಸ ಮಾಡುತ್ತಿದೆ. 32 ಬಿಟ್‌ನ ಪ್ರೊಟೆಕ್ಟೆಡ್ ಮೋಡ್‌ಗೆ ಹೋಗಿ ಪರದೆಯ ಮೇಲೆ ಅಕ್ಷರಗಳನ್ನೂ ಮೂಡಿಸಿದ್ದೇನೆ. ಆದರೆ ಕೀಬೋರ್ಡ್ ಓದಲೆಂದು ಇಂಟರಪ್ಟ್‌ಗಳನ್ನು (ಕೈಯಲ್ಲಿನ ಕೆಲಸ ನಿಲ್ಲಿಸಿ ತಮ್ಮತ್ತ ನೋಡೆಂದು ಸಾಧನಗಳು ಪ್ರೊಸೆಸರ್‌ಗೆ ಕಳುಹಿಸುವ ಸಂಕೇತಗಳನ್ನು) ತೆರೆದೊಡನೆ, ಯಾವ ಕೀಲಿಯನ್ನೂ ಒತ್ತುವ ಮೊದಲೇ, ಯಂತ್ರ ರೀಸ್ಟಾರ್ಟ್ ಆಗುತ್ತದೆ. ಇದು ಕಂಪ್ಯೂಟರ್‌ನೊಳಗೇ ಇನ್ನೊಂದು ಕಂಪ್ಯೂಟರನ್ನು ಅನುಕರಿಸುವ ಕ್ಯೂಎಮು ಎಮ್ಯುಲೇಟರ್‌ನ ದೋಷವೇ? ಮನೆಯ ಹಳೆಯ ಕಂಪ್ಯೂಟರ್‌ನಲ್ಲಿ ನೇರವಾಗಿ ಓಡಿಸಿ ನೋಡಲೇ?
– ಇಂಜಿನಿಯರಿಂಗ್ ವಿದ್ಯಾರ್ಥಿ, ದಾವಣಗೆರೆ

ಉತ್ತರ: ಕೀಲಿ ಒತ್ತುವ ಮೊದಲೇ ಎಂದು ನೀವೇ ಬರೆದಿದ್ದೀರಿ, ಹಾಗಾಗಿ ಕೀಬೋರ್ಡನ್ನು ಬಿಟ್ಟು ಟೈಮರ್ ಕಡೆ ನೋಡಿ. ನೀವು ಕೇಳದಿದ್ದರೂ ಅದು ಸೆಕೆಂಡಿಗೆ ಸುಮಾರು 18 ಬಾರಿ ಇಂಟರಪ್ಟ್ ಕಳುಹಿಸುತ್ತಲೇ ಇರುತ್ತದೆ. ಇಂಟೆಲ್ ಮೊದಲ 32 ಇಂಟರಪ್ಟ್ ಸಂಖ್ಯೆಗಳನ್ನು, ಅಂದರೆ 0ಯಿಂದ 31ರವರೆಗಿನವನ್ನು, ಪ್ರೊಸೆಸರ್‌ನ ಸ್ವಂತ ಬಳಕೆಗೆ ಕಾದಿರಿಸಿತ್ತು. ಆದರೂ 1981ರ ಐಬಿಎಂ ಪಿಸಿಯಲ್ಲಿ ಟೈಮರ್, ಕೀಬೋರ್ಡ್ ಮೊದಲಾದವುಗಳಿಗೆ 8ರಿಂದ 15ರವರೆಗಿನ ಸಂಖ್ಯೆಗಳನ್ನೇ ಹಂಚಲಾಯಿತು. ಅಂದಿನ 8088 ಪ್ರೊಸೆಸರ್ ಆ ಸಂಖ್ಯೆಗಳನ್ನು ಬಳಸುತ್ತಿರಲಿಲ್ಲವಾದ್ದರಿಂದ ತೊಂದರೆಯಾಗಲಿಲ್ಲ. ಮುಂದಿನ ಪ್ರೊಸೆಸರ್‌ಗಳಲ್ಲಿ 8 ಎಂದರೆ ಡಬಲ್ ಫಾಲ್ಟ್ (ಒಂದು ದೋಷವನ್ನು ನಿಭಾಯಿಸಹೊರಟಾಗಲೇ ಎದುರಾಗುವ ಇನ್ನೊಂದು ದೋಷ) ಎಂದಾಯಿತು. ಆ ಹಳೆಯ ಎಡವಟ್ಟಿನ ಫಲವನ್ನು ಹೊಸದಾಗಿ ಕರ್ನೆಲ್ (ಆಪರೇಟಿಂಗ್ ಸಿಸ್ಟಮ್‌ನ ತಿರುಳು) ಬರೆಯುವವರೆಲ್ಲ ಇಂದಿಗೂ ಉಣ್ಣುತ್ತಿದ್ದಾರೆ.

ನಿಮ್ಮ ಯಂತ್ರದಲ್ಲಿ ಬಹುತೇಕ ನಡೆಯುತ್ತಿರುವುದು ಇಷ್ಟು: ಟೈಮರ್ 8ನೆಯ ಬಾಗಿಲು ತಟ್ಟುತ್ತದೆ, ಯಾವ ಸಂಖ್ಯೆಗೆ ಯಾವ ಕೋಡ್ ಓಡಬೇಕೆಂದು ಹೇಳುವ ನಿಮ್ಮ ಇಂಟರಪ್ಟ್ ಪಟ್ಟಿಯಲ್ಲಿ ಅಲ್ಲಿ ಸರಿಯಾದ ನಮೂದಿಲ್ಲ, ಅದರಿಂದ ಹುಟ್ಟಿದ ದೋಷವನ್ನು ನಿಭಾಯಿಸುವ ನಮೂದೂ ಇಲ್ಲ, ಹೀಗೆ ಒಂದರ ಹಿಂದೊಂದು ಸೋತು ಟ್ರಿಪಲ್ ಫಾಲ್ಟ್ ಆದಾಗ ಯಂತ್ರ ರೀಸೆಟ್ ಆಗುತ್ತದೆ. ಖಚಿತಪಡಿಸಿಕೊಳ್ಳಲು ಕ್ಯೂಎಮುವಿನಲ್ಲಿ ಇಂಟರಪ್ಟ್ ದಾಖಲಿಸುವ ಆಯ್ಕೆಯನ್ನೂ, ರೀಬೂಟ್ ತಡೆಯುವ ಆಯ್ಕೆಯನ್ನೂ ಒಟ್ಟಿಗೆ ಕೊಡಿ. ಪ್ರೊಟೆಕ್ಟೆಡ್ ಮೋಡ್‌ಗೆ ಹೋದ ನಂತರದ ಮೊದಲ ಹಾರ್ಡ್‌ವೇರ್ ಇಂಟರಪ್ಟ್‌ನ ಸಂಖ್ಯೆ 8 ಎಂದಿದ್ದರೆ ಅನುಮಾನವೇ ಬೇಡ. ಸಾಧನಗಳ ಇಂಟರಪ್ಟ್‌ಗಳನ್ನು ಪ್ರೊಸೆಸರ್‌ಗೆ ತಲುಪಿಸುವ 8259 ಇಂಟರಪ್ಟ್ ಕಂಟ್ರೋಲರ್‌ಗೆ ಹೊಸದಾಗಿ ಸೂಚನೆ ಕೊಟ್ಟು ಅದರ ಸಂಖ್ಯೆಗಳನ್ನು 32ರಿಂದ ಆರಂಭವಾಗುವಂತೆ ಸರಿಸಿ. ಬಳಿಕ ಟೈಮರ್ 32ಕ್ಕೂ ಕೀಬೋರ್ಡ್ 33ಕ್ಕೂ ಬರುತ್ತದೆ. ಪ್ರತಿಯೊಂದು ಇಂಟರಪ್ಟ್‌ನ ಕೊನೆಯಲ್ಲಿ ಕೆಲಸ ಮುಗಿಯಿತೆಂದು ಕಂಟ್ರೋಲರ್‌ಗೆ ತಿಳಿಸದಿದ್ದರೆ ಮೊದಲ ಇಂಟರಪ್ಟ್ ಬಂದು ಮುಂದಿನದು ಬಾರದೇ ಹೋಗುತ್ತದೆ. ನಿಮ್ಮ ಮುಂದಿನ ಪತ್ರ ಅದರ ಬಗ್ಗೆಯೇ ಆಗದಿರಲೆಂದು ಈಗಲೇ ಹೇಳುತ್ತಿದ್ದೇನೆ.

ಮನೆಯ ಕಂಪ್ಯೂಟರ್‌ನ ಹಾರ್ಡ್ ಡಿಸ್ಕ್‌ನಲ್ಲಿ ಮಾತ್ರ ಪ್ರಯೋಗ ಬೇಡ. ಹಳೆಯ ಯಂತ್ರಗಳಲ್ಲಿ ಮೊದಲ ಸೆಕ್ಟರ್‌ನ 512 ಬೈಟ್‌ಗಳೊಳಗೇ ಡಿಸ್ಕ್‌ನ ಯಾವ ಭಾಗ ಎಲ್ಲಿದೆ ಎಂದು ಹೇಳುವ ಪಾರ್ಟಿಷನ್ ಪಟ್ಟಿಯ 64 ಬೈಟ್‌ಗಳು ಇರುತ್ತವೆ. ಅದರ ಮೇಲೆ ನಿಮ್ಮ ಬೂಟ್ ಸೆಕ್ಟರ್ ಬರೆದರೆ ಮನೆಯವರ ಕಡತಗಳಿಗೆ ದಾರಿಯೇ ತಪ್ಪುತ್ತದೆ.

ಪ್ರಶ್ನೆ: ಪ್ರೊಸೆಸರ್‌ನಲ್ಲಿ ನಾಲ್ಕು ರಿಂಗ್‌ಗಳು, ಅಂದರೆ ಅಧಿಕಾರದ ಹಂತಗಳು, ಇವೆ ಎಂದು ಓದಿದೆ. ನಮ್ಮ ಏಳು ಸುತ್ತಿನ ಕೋಟೆಯಂತೆ ನಾಲ್ಕನ್ನೂ ಬಳಸಿದರೆ ನಾನು ಬರೆಯುವ ಕರ್ನೆಲ್ ಹೆಚ್ಚು ಭದ್ರವಾಗುವುದಿಲ್ಲವೇ?
– ಓದುಗರು, ಚಿತ್ರದುರ್ಗ

ಉತ್ತರ: ಹೋಲಿಕೆ ಚೆನ್ನಾಗಿದೆ, ಆದರೆ ಲೆಕ್ಕ ಹಾಗಿಲ್ಲ. ಲಿನಕ್ಸ್ ಆಗಲಿ ವಿಂಡೋಸ್ ಆಗಲಿ ಬಳಸುವುದು 0 ಮತ್ತು 3ನೆಯ ರಿಂಗ್‌ಗಳನ್ನಷ್ಟೇ. ಮೆಮೊರಿಯ ಪ್ರತಿಯೊಂದು ಪುಟಕ್ಕೂ ಬಳಕೆದಾರರದ್ದೋ ಕರ್ನೆಲ್‌ನದ್ದೋ ಎಂದು ಹೇಳಲು ಇರುವುದು ಒಂದೇ ಬಿಟ್; ಮೆಮೊರಿಯನ್ನು ಹೀಗೆ ಪುಟಗಳಾಗಿ ಹಂಚುವ ಪೇಜಿಂಗ್‌ನ ಕಣ್ಣಿಗೆ 0, 1, 2 ಮೂರೂ ಒಂದೇ. ಸುತ್ತುಗಳನ್ನು ಹೆಚ್ಚಿಸುವ ಶ್ರಮವನ್ನು ಕಿಂಡಿ ಕಾಯುವುದಕ್ಕೆ ಕೊಡಿ, ಓಬವ್ವನ ಊರಿನವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಪ್ರೋಗ್ರಾಮ್‌ಗಳು ಕರ್ನೆಲ್‌ನ ನೆರವು ಕೇಳುವ ಸಿಸ್ಟಮ್ ಕಾಲ್ ಎಂಬ ಕಿಂಡಿಯ ಮೂಲಕ ಬರುವ ಪ್ರತಿಯೊಂದು ಪಾಯಿಂಟರ್ (ಮೆಮೊರಿಯ ವಿಳಾಸ) ಕೂಡ ಆ ಪ್ರೋಗ್ರಾಮ್‌ಗೆ ಸೇರಿದ ಮೆಮೊರಿಯನ್ನೇ ತೋರಿಸುತ್ತಿದೆಯೇ ಎಂದು ಪರೀಕ್ಷಿಸಿ. ಇಲ್ಲವಾದರೆ ಯಾವುದೋ ಪ್ರೋಗ್ರಾಮ್ ಕರ್ನೆಲ್‌ನ ಕೈಯಿಂದಲೇ ಕರ್ನೆಲ್‌ನ ಮೆಮೊರಿಯನ್ನು ಅಳಿಸಿಬಿಡುತ್ತದೆ.